ಆರಡಿ ಮಣ್ಣು, ಒಂದು ಅಡ್ಡಗೆರೆ

ನಾನು ಮಣ್ಣು ತಿನ್ನುತ್ತೇನೆ ಎಂಬ ಸುದ್ದಿ ದೇವದುರ್ಗದ ಕಡೆಯ ಹಳ್ಳಿಗಳಿಗೆ ನಮ್ಮ ಜೀಪಿಗಿಂತ ಮೊದಲೇ ತಲುಪಿರುತ್ತಿತ್ತು. ಸುಳ್ಳೇನಲ್ಲ. ಚಿಟಿಕೆ ಮಣ್ಣಿಗೆ ನೀರು ಹಾಕಿ ರೊಟ್ಟಿ ಹಿಟ್ಟಿನಂತೆ ನಾದಿ, ಹೆಬ್ಬೆರಳು ತೋರುಬೆರಳಿನ ನಡುವೆ ಒತ್ತಿ ಪಟ್ಟಿ ಎಳೆದರೆ ಅದರಲ್ಲಿ ಜಿಗುಟು ಎಷ್ಟು, ಮರಳು ಎಷ್ಟು ಎಂಬುದು ಸುಮಾರಾಗಿ ತಿಳಿಯುತ್ತದೆ. ಬೆರಳಿಗೆ ಅನುಮಾನ ಉಳಿದರೆ ಒಂದು ಕಣವನ್ನು ಮುಂದಿನ ಹಲ್ಲಿಗೆ ಕೊಡಬೇಕು. ಮರಳಾದರೆ ಕರಕರ ಅನ್ನುತ್ತದೆ, ಜಿಗುಟಾದರೆ ಮೆತ್ತಿಕೊಳ್ಳುತ್ತದೆ. ಆಮೇಲೆ ಉಗುಳುತ್ತೇನೆ. ಆದರೆ ಉಗುಳಿದ್ದನ್ನು ಯಾರೂ ಊರಿಗೆ ಹೋಗಿ ಹೇಳುವುದಿಲ್ಲ. ಜಾಲಹಳ್ಳಿ ಹತ್ತಿರ ಒಬ್ಬ ಮುದುಕಿ ನನ್ನನ್ನು ಮೇಲಿಂದ ಕೆಳಗೆ ನೋಡಿ, “ಎಷ್ಟು ತಿಂಗಳಾತವ್ವಾ?” ಎಂದು ಕೇಳಿದ್ದಳು. ಮಣ್ಣಿನ ಮೇಲೆ ಆಸೆಯಾಗುವುದು ಬಸುರಿಯರಿಗೆ ತಾನೆ. ನನಗಾಗ ನಲವತ್ತೆಂಟು ವರ್ಷ.

ಊರು ಮಟಮಾರಿ, ಕಚೇರಿ ರಾಯಚೂರು, ಕೆಲಸ ಮಣ್ಣಿನ ಸಮೀಕ್ಷೆ. ಹೊಲದಲ್ಲಿ ಆಳುದ್ದದ ಗುಂಡಿ ತೋಡಿಸಬೇಕು. ಬಿಸಿಲು ಬೀಳುವ ಗೋಡೆಯನ್ನು ಚಾಕುವಿನಿಂದ ಕೆತ್ತಿ ಹಸನು ಮಾಡಿ, ಒಳಗಿಳಿದು ನಿಲ್ಲಬೇಕು. ಬಣ್ಣ ಎಲ್ಲಿ ಬದಲಾಗುತ್ತದೆ, ಹೆಂಟೆ ಎಲ್ಲಿ ಗಟ್ಟಿಯಾಗುತ್ತದೆ, ಬೇರು ಎಲ್ಲಿಗೆ ನಿಲ್ಲುತ್ತದೆ ಎಂದು ಗೆರೆ ಕೊರೆಯಬೇಕು. ಬಣ್ಣದ ಬಿಲ್ಲೆಗಳಿರುವ ಪುಸ್ತಕವೊಂದಿದೆ, ಅದರ ಪಕ್ಕ ಹೆಂಟೆ ಹಿಡಿದು ನಮ್ಮ ಮಣ್ಣು ಯಾವ ಬಿಲ್ಲೆ ಎಂದು ನೋಡಬೇಕು. ಸೀರೆ ಅಂಗಡಿಯಲ್ಲಿ ರವಿಕೆ ಹೊಂದಿಸುವವರೂ ಅಷ್ಟು ಹೊತ್ತು ನೋಡಲಿಕ್ಕಿಲ್ಲ. ಬೂದು ಮಚ್ಚೆ ಕಂಡರೆ ಅಲ್ಲಿ ನೀರು ನಿಂತು ಉಸಿರು ಕಟ್ಟಿದೆ ಎಂದರ್ಥ. ಕಂದು, ಕೆಂಪು ಸ್ವಚ್ಛವಾಗಿದ್ದರೆ ನೀರು ಬಸಿದು ಹೋಗುತ್ತದೆ, ಬೇರಿಗೆ ಗಾಳಿ ಸಿಗುತ್ತದೆ.

ಇಷ್ಟಾದ ಮೇಲೆ ವರ್ಗೀಕರಣ. ಮಣ್ಣಿಗೂ ಕುಲಗೋತ್ರ ಉಂಟು. ಗಣ, ಉಪಗಣ ಎಂದು ಇಳಿಯುತ್ತಾ ಕುಟುಂಬಕ್ಕೆ ಬಂದು, ಕೊನೆಗೆ ಶ್ರೇಣಿ ಎಂಬ ಮನೆ ಬಾಗಿಲು ಮುಟ್ಟಬೇಕು. ಹೊಸ ಶ್ರೇಣಿ ಸಿಕ್ಕರೆ ಅದಕ್ಕೆ ಸಿಕ್ಕ ಊರಿನ ಹೆಸರು. ಹೆಣ್ಣು ನೋಡಲು ಹೋದವರೂ ಇಷ್ಟು ವಿಚಾರಿಸುವುದಿಲ್ಲ ಎಂದು ನಮ್ಮ ಡ್ರೈವರು ಹೇಳುತ್ತಿದ್ದ. ಇದೆಲ್ಲ ತುಂಬುವ ನಮೂನೆಯ ಹಾಳೆಯಲ್ಲಿ ಕೊನೆಯದೊಂದು ಸಾಲಿದೆ: ಜಾಗದ ಹಿಂದಿನ ಬಳಕೆ, ಹೊಲದವರು ಹೇಳಿದ್ದು. ಆ ಸಾಲಿಗೆ ನಾನು ಯಾವಾಗಲೂ ಒಂದು ಅಡ್ಡಗೆರೆ ಎಳೆಯುತ್ತಿದ್ದೆ. ಹೊಲದವರು ಹೇಳುವುದನ್ನು ಬರೆಯಲು ಹೊರಟರೆ ಹಾಳೆಯಲ್ಲ, ಪುರಾಣವಾಗುತ್ತದೆ ಎಂಬುದು ನನ್ನ ನಂಬಿಕೆ. ಇನ್ನೊಂದು ನಂಬಿಕೆಯೂ ಇತ್ತು. ಹೊಲದವರು ಕೈ ತೋರಿಸಿದಲ್ಲಿ ಗುಂಡಿ ತೋಡಬಾರದು. ಸಾಲ ಬೇಕಾದವರು ಒಳ್ಳೆಯ ಜಾಗ ತೋರಿಸುತ್ತಾರೆ, ಪರಿಹಾರ ಬೇಕಾದವರು ಕೆಟ್ಟ ಜಾಗ. ಫೋನಿನ ನಕ್ಷೆಯಲ್ಲಿ ಚುಕ್ಕೆ ಎಲ್ಲಿ ಬೀಳುತ್ತದೋ ಅಲ್ಲೇ ತೋಡಬೇಕು. ಜಾಗ ಮೊದಲೇ ಯಾರೋ ಕೆದಕಿದ್ದು ಎಂದು ಗೊತ್ತಾದರೆ ಇಪ್ಪತ್ತು ಹೆಜ್ಜೆ ಸರಿಯಬಹುದು ಎಂದು ನಿಯಮದಲ್ಲೇ ಇದೆ. ನಾನು ಸರಿದದ್ದು ಕಡಿಮೆ.

ನನಗೊಂದು ಆಸೆ ಇತ್ತು. ಅದನ್ನು ಹೇಳಿದರೆ ನಗು ಬರುತ್ತದೆ. ಕಾಲೇಜಿನ ಪುಸ್ತಕದಲ್ಲಿ ಹುಲ್ಲುಗಾವಲಿನ ಮಣ್ಣು ಎಂಬ ಅಧ್ಯಾಯವಿತ್ತು. ದೂರದ ಚಳಿ ದೇಶದ ಬಯಲುಗಳಲ್ಲಿ ಸಾವಿರಾರು ವರ್ಷ ಹುಲ್ಲು ಬೆಳೆದು, ಸತ್ತು, ಬೇರು ಕೊಳೆತು ಆದ ಮಣ್ಣು. ಮೇಲಿನ ಪದರ ದಪ್ಪ, ಕಪ್ಪು, ಒಣಗಿದರೂ ಗಟ್ಟಿಯಾಗದೆ ಉದುರುದುರು. ಆಳಕ್ಕೆ ಹೋದರೂ ಬಂಡೆಯಿಲ್ಲ, ನೀರು ನಿಲ್ಲುವುದಿಲ್ಲ. ನಮ್ಮ ಎರಿ ಭೂಮಿಯೂ ಕಪ್ಪೇ, ಆಳವೇ. ಆದರೆ ಅದು ಹಸಿಯಾದಾಗ ಚಪ್ಪಲಿ ಕಿತ್ತುಕೊಳ್ಳುತ್ತದೆ, ಒಣಗಿದಾಗ ಕಾಲು ಸಿಗುವಷ್ಟು ಬಿರಿಯುತ್ತದೆ. ನಮ್ಮ ಮಸಾರಿ, ಅಂದರೆ ಕೆಂಪು ನೆಲ, ನೀರನ್ನೇನೋ ಬಸಿಯುತ್ತದೆ, ಆದರೆ ಎರಡಡಿಗೆ ಗಟ್ಟಿ ಹರಳಿನ ಗರಸು ಬಂದು ಗುದ್ದಲಿ ಠಣ್ ಅನ್ನುತ್ತದೆ. ಆಳವೂ ಇದ್ದು, ಕಪ್ಪೂ ಆಗಿ, ನೀರೂ ಬಸಿಯುವ ಮಣ್ಣನ್ನು ನಾನು ಚಿತ್ರದಲ್ಲಿ ಮಾತ್ರ ನೋಡಿದ್ದೆ. ನಿವೃತ್ತಿಯೊಳಗೆ ಅಂಥ ಒಂದು ಗುಂಡಿಯಲ್ಲಿ ನಿಲ್ಲಬೇಕು ಎಂದು ಆಸೆ. ದೇವದುರ್ಗ ತಾಲ್ಲೂಕಿನಲ್ಲಿ ಇಂಥ ಆಸೆ ಇಟ್ಟುಕೊಳ್ಳುವುದು ಬಾವಿಯಲ್ಲಿ ಮೊಸಳೆ ಹುಡುಕಿದಂತೆ.

ಆ ಹೊಲ ಜಾಲಹಳ್ಳಿಯಿಂದ ಸ್ವಲ್ಪ ದೂರ. ಎಂಟು ಎಕರೆ, ಇಬ್ಬರು ಅಕ್ಕತಂಗಿಯರದು. ಗಂಡುಮಕ್ಕಳಿಲ್ಲದ ಅಪ್ಪ ತೀರಿಕೊಂಡು ವರ್ಷವಾಗಿತ್ತು. ಅಕ್ಕ ಊರಲ್ಲೇ ಇದ್ದು ಮೊದಲಿನಿಂದ ಒಕ್ಕಲುತನ ಮಾಡಿದವಳು. ತಂಗಿಯನ್ನು ಮಾನ್ವಿಗೆ ಕೊಟ್ಟಿದ್ದರು. ಅವಳು ಅಲ್ಲಿ ಶಾಲೆಯೊಂದರಲ್ಲಿ ಬಿಸಿಯೂಟದ ಅಡುಗೆ ಮಾಡುತ್ತಿದ್ದಳು. ನಾವು ಹೋದಾಗ ಹೊಲದ ನಡುವಿನ ಬದುವಿನ ಮೇಲೆ ಸುಣ್ಣ ಬಳಿದ ಕಲ್ಲುಗಳ ಸಾಲು ಇತ್ತು. ಮೇಲೆ ನಾಲ್ಕು ಎಕರೆ ಮಸಾರಿ, ಕೆಳಗೆ ನಾಲ್ಕು ಎಕರೆ ಎರಿ. ಅದೇ ಪಾಲು.

ಆ ಕಡೆಯ ಪಾಲಿನ ಪದ್ಧತಿ ನನಗೆ ಆಮೇಲೆ ಗೊತ್ತಾಯಿತು, ಆದರೆ ಇಲ್ಲೇ ಹೇಳಿಬಿಡುತ್ತೇನೆ. ಒಡಹುಟ್ಟಿದವರಲ್ಲಿ ದೊಡ್ಡವರು ಪಾಲು ಹಾಕಬೇಕು, ಸಣ್ಣವರು ಆರಿಸಬೇಕು. ಕಲ್ಲು ಇಟ್ಟ ದಿನದಿಂದ ಆರಿಸುವ ದಿನದವರೆಗೆ ಪಾಲು ಹಾಕಿದವರು ಆರಿಸುವವರ ಮುಂದೆ ಹೊಲದ ವಿಷಯ ಒಂದು ಮಾತೂ ಆಡುವಂತಿಲ್ಲ. ಒಳ್ಳೆಯದನ್ನು ಹೇಳಿದರೆ ಆಸೆ ಹಚ್ಚಿದಂತೆ, ಕೆಟ್ಟದ್ದನ್ನು ಹೇಳಿದರೆ ಹೆದರಿಸಿದಂತೆ. ಆರಿಸಿದವರು ಆಮೇಲೆ ಅಳುವಂತಿಲ್ಲ. ನಾವು ಗುಂಡಿ ತೋಡಲು ಹೋದದ್ದು ಕಲ್ಲು ಇಟ್ಟ ಮೇಲೆ, ಆರಿಸುವ ದಿನಕ್ಕೆ ಇನ್ನೂ ವಾರವಿರುವಾಗ.

ಚುಕ್ಕೆ ಮೇಲಿನ ಮಸಾರಿಯಲ್ಲಿ, ದಿನ್ನೆಯ ನೆತ್ತಿಯ ಮೇಲೆ ಬಿದ್ದಿತ್ತು. ಅಲ್ಲೊಂದಿಷ್ಟು ಜಾಗದಲ್ಲಿ ಹುಲ್ಲು ಸುತ್ತಲಿನದಕ್ಕಿಂತ ಹಸಿರಾಗಿತ್ತು. ತೋಡುವ ಇಬ್ಬರು ಜೀಪಿನಿಂದ ಗುದ್ದಲಿ ಸಲಿಕೆ ಇಳಿಸುತ್ತಿದ್ದರು. ನಾನು ಸುಣ್ಣದಪುಡಿಯಿಂದ ಗೆರೆ ಹಾಕುತ್ತಿದ್ದಾಗ ಅಕ್ಕ ಕೆಳಗಿನ ಹೊಲದಿಂದ ಏದುಸಿರು ಬಿಡುತ್ತಾ ಬಂದಳು. ಐವತ್ತು ದಾಟಿದ ಹೆಂಗಸು, ಕೈಯಲ್ಲಿ ಕಳೆ ಕೀಳುವ ಕುರ್ಚಿಗಿ, ಸೀರೆ ಮೊಣಕಾಲಿಗೆ ಎತ್ತಿ ಸಿಗಿಸಿತ್ತು.

“ಮೇಡಂ, ಅಲ್ಲಿ ಬ್ಯಾಡ್ರಿ,” ಎಂದಳು. “ಆ ಜಾಗ ಹೊಲದಂಗಿಲ್ರಿ. ಜರಾ ಈ ಕಡಿ ಸರದು ತೋಡ್ರಿ. ಅಲ್ಲಿ ನಮ್ಮ ಮುತ್ಯಾ...”

“ಮುತ್ಯಾನ ಕಥಿ ಊಟಕ್ಕ ಕುಂತಾಗ ಕೇಳ್ತೀನಿ ಬಿಡ್ರೆವಾ,” ಎಂದು ನಾನು ನಕ್ಕೆ. ಅಜ್ಜನ ಕಥೆಯಿಲ್ಲದ ಹೊಲ ಯಾವುದಿದೆ. “ನೀವು ತೋರಿಸಿದಲ್ಲಿ ತೋಡೋದಾದ್ರ ನಮ್ಮ ಸರ್ವೇ ಯಾಕ ಬೇಕು?”

ಅವಳು “ನಿಮ್ಮ ಖುಷಿರಿ,” ಎಂದು ಕೆಳಗೆ ಹೋದಳು. ಮಧ್ಯಾಹ್ನ ಊಟಕ್ಕೆ ಕೂತಾಗ ನಾನು ಯಾವ ಕಥೆಯನ್ನೂ ಕೇಳಲಿಲ್ಲ. ಕೇಳುವ ಸ್ಥಿತಿಯಲ್ಲಿರಲಿಲ್ಲ.

ಏಕೆಂದರೆ ಅಷ್ಟರಲ್ಲಿ ಗುಂಡಿ ನಾಲ್ಕಡಿ ಇಳಿದಿತ್ತು, ಇನ್ನೂ ಗರಸು ಬಂದಿರಲಿಲ್ಲ. ಸಲಿಕೆಯಲ್ಲಿ ಬರುತ್ತಿದ್ದದ್ದು ಕಪ್ಪು ಮಣ್ಣು. ಎರಿಯಂತೆ ಅಂಟುವುದಿಲ್ಲ, ಹಿಡಿದರೆ ಮುದ್ದೆ, ಬಿಟ್ಟರೆ ಪುಡಿ. ಐದಡಿಗೂ ಅದೇ. ಆರಡಿಗೂ ಅದೇ. ನಾನು ಒಳಗೆ ಇಳಿದು ಗೋಡೆ ಕೆತ್ತಿದೆ. ಎರೆಹುಳದ ತೂತುಗಳು, ಕೂದಲಿನಷ್ಟು ಸಣ್ಣ ಬೇರುಗಳು ತಳದವರೆಗೆ. ಬಿರುಕು ಇಲ್ಲ, ಬೂದು ಮಚ್ಚೆ ಒಂದೂ ಇಲ್ಲ. ಒಂದು ಚೊಂಬು ನೀರು ಸುರಿದೆ, ನೋಡುತ್ತಿದ್ದಂತೆ ಇಂಗಿತು. ಬಣ್ಣದ ಪುಸ್ತಕ ತೆರೆದು ಹೆಂಟೆ ಹಿಡಿದೆ. ಪುಸ್ತಕದ ಚಿತ್ರದಲ್ಲಿದ್ದ ಮಣ್ಣು ನನ್ನ ಎದುರಿಗೆ ನಿಂತಿತ್ತು.

ಗೋಡೆಯಲ್ಲಿ ಸಣ್ಣ ಸಣ್ಣ ಇದ್ದಿಲ ಚೂರುಗಳಿದ್ದವು. ಹುಲ್ಲುಗಾವಲಿಗೆ ಆಗಾಗ ಬೆಂಕಿ ಬೀಳುತ್ತದೆ ಎಂದು ಪುಸ್ತಕ ಹೇಳಿತ್ತು, ಅದನ್ನೇ ಬರೆದೆ. ನಾಲ್ಕಡಿ ಆಳದಲ್ಲಿ ಒಡೆದ ಗಡಿಗೆಯ ಒಂದು ಬೋಕಿ ಸಿಕ್ಕಿತು. ನೇಗಿಲಿಗೆ ಸಿಕ್ಕಿ ಕೆಳಗಿಳಿದಿರಬೇಕು ಎಂದು ಬರೆದೆ. ನೇಗಿಲು ನಾಲ್ಕಡಿ ಇಳಿಯುವುದಿಲ್ಲ ಎಂಬುದು ಎತ್ತಿಗೂ ಗೊತ್ತು. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ. ಕೊನೆಯ ಸಾಲಿಗೆ ಎಂದಿನಂತೆ ಅಡ್ಡಗೆರೆ ಎಳೆದೆ. ಶ್ರೇಣಿಯ ಜಾಗದಲ್ಲಿ ಹೊಸತು ಎಂದು ಬರೆದು ಆ ಊರಿನ ಹೆಸರಿಟ್ಟೆ.

ತಂಗಿ ಮಧ್ಯಾಹ್ನದ ಬಸ್ಸಿಗೆ ಮಾನ್ವಿಯಿಂದ ಬಂದಳು. ನಲವತ್ತರ ಆಸುಪಾಸು, ಮಾತು ಚುರುಕು. ಬಂದವಳೇ ಗುಂಡಿಯ ಅಂಚಿನಲ್ಲಿ ಕೂತು ಕೇಳಿದ ಮೊದಲ ಪ್ರಶ್ನೆ, “ಇಲ್ಲಿ ನೀರು ನಿಲ್ತದೇನ್ರೀ?”

ಆ ಪ್ರಶ್ನೆಗೆ ಕಾರಣವಿತ್ತು. ಅವಳ ಗಂಡನ ಮನೆಯ ಹೊಲ ಮಾನ್ವಿಯ ಕಾಲುವೆ ಕೆಳಗಿನದು, ಚಿನ್ನದಂಥ ಎರಿ. ವರ್ಷಕ್ಕೆ ಎರಡು ಭತ್ತ ಹಚ್ಚಿ ಹಚ್ಚಿ, ನಿಂತ ನೀರು ನಿಂತೇ ಇದ್ದು, ಈಗ ಬೆಳ್ಳಗೆ ಉಪ್ಪಿನಂತೆ ಸವಳು ಎದ್ದಿತ್ತು. ಅಲ್ಲಿ ಈಗ ಜಾಲಿ ಬಿಟ್ಟರೆ ಏನೂ ಹುಟ್ಟುವುದಿಲ್ಲ. ಹೀಗಾಗಿ ಎರಿ ಎಂದರೆ ಅವಳಿಗೆ ಭಯ. ಅಪ್ಪನ ಹೊಲದಲ್ಲಿ ತನ್ನ ಪಾಲಿಗೆ ಬಂದದ್ದರಲ್ಲಿ ಪ್ಯಾರಲ ಗಿಡದ, ಅಂದರೆ ಸೀಬೆಯ ತೋಟ ಮಾಡಬೇಕು, ಬಿಸಿಯೂಟದ ಒಲೆಯಿಂದ ಎದ್ದು ಬಂದು ಗಿಡದ ನೆರಳಿಗೆ ಕೂರಬೇಕು ಎಂಬುದು ಅವಳ ಲೆಕ್ಕ. ಎರಿ ಆರಿಸಲೋ ಮಸಾರಿ ಆರಿಸಲೋ ಎಂದು ತೂಗುಯ್ಯಾಲೆಯಲ್ಲಿ ಇದ್ದಳು.

ನಾನು ಗುಂಡಿಯೊಳಗಿನಿಂದಲೇ ಭಾಷಣ ಮಾಡಿದೆ. ಇಂಥ ಮಣ್ಣನ್ನು ನಾನು ಮೂರು ತಾಲ್ಲೂಕಿನಲ್ಲಿ ನೋಡಿಲ್ಲ, ಗಿಡದ ಬೇರು ಆರಡಿ ಇಳಿಯುತ್ತದೆ, ನೀರು ಒಂದು ದಿನವೂ ನಿಲ್ಲುವುದಿಲ್ಲ, ಸವಳಿನ ಫಿಕರ್ ಬೇಡ ಎಂದೆ. ತಂಗಿ ಗೋಡೆಯಿಂದ ಒಂದು ಹಿಡಿ ಮಣ್ಣು ತೆಗೆದು ಮೂಸಿ ನೋಡಿ, ಸೆರಗಿನ ತುದಿಗೆ ಗಂಟು ಹಾಕಿಕೊಂಡಳು. “ಈ ಗುಂಡಿ ಮುಚ್ಚಬ್ಯಾಡ್ರಿ, ನಾ ಆರಿಸೋ ತನಕ ಇರ್ಲಿ,” ಎಂದಳು. ಅಕ್ಕ ಆಚೆ ಬದಿಯಲ್ಲಿ ನಿಂತಿದ್ದಳು. ಏನೂ ಮಾತಾಡಲಿಲ್ಲ. ನನ್ನನ್ನೇ ನೋಡುತ್ತಿದ್ದಳು. ಬಹಳ ಹೊತ್ತು, ರೆಪ್ಪೆ ಮಿಟುಕಿಸದೆ. ನನ್ನ ವಿದ್ಯೆಗೆ ಬೆರಗಾಗಿದ್ದಾಳೆ ಎಂದುಕೊಂಡೆ.

ತಂಗಿ ಮಸಾರಿಯನ್ನೇ ಆರಿಸಿದಳು. ಅವಳೇ ಫೋನು ಮಾಡಿ ಹೇಳಿದಳು. ಪಂಚರೆಲ್ಲ ಬಾಯಿ ಮೇಲೆ ಕೈ ಇಟ್ಟುಕೊಂಡರಂತೆ. ಎರಿ ಬಿಟ್ಟು ಮಸಾರಿ ಆರಿಸಿದವರನ್ನು ಅವರು ಆವರೆಗೆ ಕಂಡಿರಲಿಲ್ಲ. ಇವಳು ಗುಂಡಿಯ ಹತ್ತಿರ ಕರೆದುಕೊಂಡು ಹೋಗಿ, “ನೋಡ್ರಿ, ರಾಯಚೂರು ಮೇಡಂ ಹೇಳ್ಯಾರ,” ಎಂದಳಂತೆ. ನನಗೆ ಹೆಮ್ಮೆಯಾಯಿತು. ಆ ಸಂಜೆ ಕಚೇರಿಯವರಿಗೆಲ್ಲ ಮಂಡಾಳ ಒಗ್ಗರಣಿ, ಮಿರ್ಚಿ ತರಿಸಿದೆ.

ಎರಡು ತಿಂಗಳ ಮೇಲೆ ತಂಗಿ ರಾಯಚೂರಿಗೆ ಬಂದಳು. ಕಚೇರಿಯಲ್ಲಿ ನನ್ನ ಟೇಬಲಿನ ಮೇಲೆ ಬಟ್ಟೆಯ ಚೀಲವೊಂದನ್ನು ಮಗುಚಿದಳು. ಕೆಂಪು ಗರಸು. ಕಾಗದಗಳ ಮೇಲೆಲ್ಲ ಹರಳು ಉರುಳಿದವು. ಗಿಡ ನೆಡಲು ಸಾಲು ಹಿಡಿದು ಗುಣಿ ತೋಡಿಸಿದ್ದಳು. ಎಲ್ಲ ಗುಣಿಯಲ್ಲೂ ಮೊಣಕಾಲುದ್ದಕ್ಕೆ ಗರಸು, ಒಂದರಲ್ಲಿ ಮಾತ್ರ ಇಲ್ಲ. ಅದು ನನ್ನ ಗುಂಡಿಗೆ ತಾಗಿದ ಗುಣಿ. ಊರಿನ ಹಿರಿಯರೊಬ್ಬರು ನೋಡಿ ನಕ್ಕು, “ಅದು ನಿಮ್ಮ ಮುತ್ಯಾನ ಹಗೇವಲ್ಲವಾ, ನಿಮ್ಮಕ್ಕಗ ಕೇಳಿದ್ರ ಹೇಳ್ತಿದ್ಳು,” ಎಂದರಂತೆ.

ಹಗೇವು ಎಂದರೆ ಜೋಳ ತುಂಬಿಡಲು ನೆಲದೊಳಗೆ ತೋಡಿದ ಗುಳಿ. ಬಾಯಿ ಚಿಕ್ಕದು, ಹೊಟ್ಟೆ ದೊಡ್ಡದು. ಮನೆಯವರು ಅದನ್ನು ಬಿಟ್ಟ ಮೇಲೆ ಬಾಯಿ ಒಡೆದು, ವರ್ಷಗಟ್ಟಲೆ ಒಲೆಯ ಬೂದಿ, ಕಣದ ಹೊಟ್ಟು, ಕೊಟ್ಟಿಗೆಯ ಕಸ ಸುರಿದು ತುಂಬಿಸಿದ್ದರು. ಅದು ಕೊಳೆತು, ಕಪ್ಪಾಗಿ, ಮೆತ್ತಗಾಗಿತ್ತು. ತಂಗಿ ಹುಟ್ಟುವ ಹೊತ್ತಿಗೆ ಅದರ ಮೇಲೆ ಉಳುಮೆ ನಡೆದಿತ್ತು, ಅವಳಿಗೆ ಗೊತ್ತಿರಲಿಲ್ಲ. ನಾನು ಗುಂಡಿಯೊಳಗೆ ಗುಂಡಿ ತೋಡಿ, ಒಂದು ಮನೆಯ ಕಸಕ್ಕೆ ಸಾವಿರಾರು ವರ್ಷದ ಹುಲ್ಲುಗಾವಲು ಎಂದು ಹೆಸರಿಟ್ಟಿದ್ದೆ.

ಅವಳು ಕೂಗಾಡಲಿಲ್ಲ. ಕೂಗಾಡಿದ್ದರೆ ನನಗೆ ಸುಲಭವಿತ್ತು. ಕುರ್ಚಿಯ ತುದಿಯಲ್ಲಿ ಕೂತು ಒಂದೇ ಮಾತು ಕೇಳಿದಳು. “ನೀವು ಪರಊರವರು, ನಿಮಗ ಗೊತ್ತಿಲ್ಲ ಖರೆ. ನಮ್ಮಕ್ಕಗ ಗೊತ್ತಿತ್ತು. ಅವತ್ತು ಆಕಿ ನಿಮಗೇನರ ಅಂದಿದ್ಳೇನ್ರೀ?”

“ಏನಿಲ್ಲ,” ಎಂದೆ. “ನನಗೇನೂ ನೆನಪಿಲ್ಲ.”

ನೆನಪಿತ್ತು. ಕುರ್ಚಿಗಿ ಹಿಡಿದ ಕೈ, ಏದುಸಿರು, ಅರ್ಧಕ್ಕೆ ನಿಲ್ಲಿಸಿದ ಮಾತು, ಎಲ್ಲ ನೆನಪಿತ್ತು. ಪಕ್ಕದ ಟೇಬಲಿನವರು ಕಿವಿ ಇತ್ತ ಇಟ್ಟಿದ್ದರು. ಹೇಳಿದ್ದರು, ನಾನು ಕೇಳಲಿಲ್ಲ ಎಂದಿದ್ದರೆ ಅಷ್ಟು ವರ್ಷದ ವಿದ್ಯೆಯ ಮಾನ ಒಂದು ಗಡಿಗೆಯ ಬೋಕಿಯಲ್ಲಿ ಹೋಗುತ್ತಿತ್ತು.

“ಹಂಗಾದ್ರ ಆಕಿ ಬೇಕಂತ ಸುಮ್ಮನಿದ್ಳು,” ಎಂದಳು ತಂಗಿ. “ಎರಿ ತನಗ ಉಳಿಲಿ ಅಂತ. ಇನ್ನ ಆಕಿ ಮನಿ ನೀರು ಸೈತ ಮುಟ್ಟಂಗಿಲ್ಲ ನಾ.” ಚೀಲ ಝಾಡಿಸಿ ಮಡಚಿಕೊಂಡು ಹೋದಳು. ಗರಸನ್ನು ನನಗೇ ಬಿಟ್ಟುಹೋದಳು.

ತಪ್ಪು ಓದುವುದು ನಮ್ಮ ಕಸುಬಿನಲ್ಲಿ ಅಪರೂಪವಲ್ಲ. ಅದಕ್ಕೆ ನನಗೆ ಅಷ್ಟೇನೂ ನಾಚಿಕೆಯಾಗಲಿಲ್ಲ. ಆದರೆ ಸುಳ್ಳು ಹೇಳಿದ್ದಕ್ಕೆ ಆಯಿತು. ಮಾತು ಆಡಿದರೆ ಹೋಯಿತು ಅನ್ನುತ್ತಾರೆ, ಆಡದೆ ಇದ್ದರೂ ಹೋಗುತ್ತದೆ ಎಂದು ನನಗೆ ಆ ವಾರ ಗೊತ್ತಾಯಿತು. ಯರಗೇರಾ ಕಡೆಯ ಗುಂಡಿಗಳಿಗೆ ಹೋದೆ, ಬಣ್ಣದ ಬಿಲ್ಲೆ ಹಿಡಿದೆ, ಬರೆದೆ. ಪ್ರತಿ ಹಾಳೆಯ ಕೊನೆಯ ಸಾಲಿಗೆ ಬಂದಾಗ ಕೈ ನಿಲ್ಲುತ್ತಿತ್ತು.

ಒಂದು ಭಾನುವಾರ ನೆಲ ಕೊರೆಯುವ ಸಲಾಕೆ ಹಿಡಿದು ಬಸ್ಸಿನಲ್ಲಿ ಜಾಲಹಳ್ಳಿಗೆ ಹೋದೆ. ಯಾರೂ ಕಳಿಸಿರಲಿಲ್ಲ. ಗುಂಡಿಯಿಂದ ನಾಲ್ಕೂ ದಿಕ್ಕಿಗೆ ಕೊರೆಯುತ್ತಾ ಹೋದೆ. ಒಂದೆರಡು ಹೆಜ್ಜೆಗೇ ಕಪ್ಪು ಮುಗಿದು ಸಲಾಕೆ ಗರಸಿಗೆ ಬಡಿಯಿತು. ಅಂಚು ಬಳೆಯಂತೆ ಗುಂಡಗಿತ್ತು. ಗುಂಡಿಯ ಗೋಡೆಯ ಒಂದು ಮೂಲೆಯನ್ನು ಇನ್ನೂ ಗೇಣುದ್ದ ಕೆತ್ತಿದ್ದರೆ ಅವತ್ತೇ ಕಾಣುತ್ತಿತ್ತು. ಬೆನ್ನ ಹಿಂದೆ ಅಕ್ಕ ಬಂದು ನಿಂತಿದ್ದಳು.

“ಈಗ ಸರದು ತೋಡಾಕತ್ತೀರಿ,” ಎಂದಳು. ಕೊಂಕಿರಲಿಲ್ಲ, ಕಂಡದ್ದನ್ನು ಹೇಳಿದಳು ಅಷ್ಟೆ.

“ನನಗ ಹೇಳಿದ್ರಿ. ತಂಗಿಗೆ ಯಾಕ ಹೇಳಲಿಲ್ಲ?”

“ಕಲ್ಲಿಟ್ಟ ಮ್ಯಾಗ ನಾ ಆಕಿ ಮುಂದ ಬಾಯಿ ತೆಗಿಯಂಗಿಲ್ರಿ. ಪರಊರವರ ಮುಂದ ತೆಗಿಬೌದು. ಅದಕ ನಿಮ್ಮ ಹಂತೇಕ ಓಡಿ ಬಂದೆ. ಆಮ್ಯಾಲೂ ನಿಮ್ಮ ಮಾರಿನ ನೋಡಿದೆ. ಈಗರ ಹೇಳ್ತಾರ, ಈಗರ ಹೇಳ್ತಾರ ಅಂತ.” ಅವಳು ಕೆಳಗಿನ ಹೊಲದ ಕಡೆ ಕೈ ಮಾಡಿದಳು. “ಯಾರಿಗಾದ್ರೂ ಗೊತ್ತದ, ಎರಿ ಬಿಟ್ಟು ಮಸಾರಿ ಆರಿಸೋರು ಇಲ್ಲ ಅಂತ. ಆಕಿಗೆ ಎರಿ ಹೋಗ್ಲಿ ಅಂತನ ನಾ ಪಾಲು ಹಂಗ ಹಾಕಿದ್ದೆ. ಇಲ್ಲಿ ಭತ್ತ ಹಚ್ಚಾಕ ಕಾಲುವಿ ಇಲ್ಲ, ಸವಳು ಎಲ್ಲಿಂದ ಬರಬೇಕು? ಹೊಲ ಹೋಗ್ಲಿ ಬಿಡ್ರಿ. ನಾ ಕುತಂತ್ರ ಮಾಡೀನಿ ಅಂತ ತಿಳಕೊಂಡಾಳ. ಬಂದ್ರ ಹೊಲಕ್ಕ ಬರ್ತಾಳ, ಮನಿಗೆ ಬರಂಗಿಲ್ಲ. ಬುತ್ತಿ ತಂದ್ರ ಆ ಕಡಿ ಮಾರಿ ಮಾಡ್ತಾಳ.”

ನಾನು ಸಲಾಕೆ ಕೆಳಗಿಟ್ಟೆ. ಅವತ್ತಿನ ಆ ನೋಟವನ್ನು ನಾನು ಬೆರಗು ಎಂದು ಓದಿದ್ದೆ. ಮಣ್ಣನ್ನೂ ತಪ್ಪು ಓದಿದ್ದೆ, ಮುಖವನ್ನೂ.

ಮರುದಿನ ಸಂಜೆ ಮಾನ್ವಿಗೆ ಹೋದೆ. ತಂಗಿ ಮನೆಯ ಮುಂದೆ ಕೂತು ಮರುದಿನದ ಬಿಸಿಯೂಟಕ್ಕೆ ಬೇಳೆ ಆರಿಸುತ್ತಿದ್ದಳು. ಬರ್ರಿ ಎನ್ನಲಿಲ್ಲ. ನಾನು ನಿಂತೇ ಹೇಳಿದೆ. ನಿಮ್ಮಕ್ಕ ಹೇಳಿದ್ದಳು, ನಾನು ನಕ್ಕುಬಿಟ್ಟೆ, ನೀವು ಕೇಳಿದಾಗ ಸುಳ್ಳು ಹೇಳಿದೆ ಎಂದೆ. ಅವಳ ಕೈ ಮೊರದ ಮೇಲೆ ಆಡುತ್ತಲೇ ಇತ್ತು.

“ಈಗ ಹೇಳಾಕತ್ತೀರಿ. ಆಕಿ ಹೇಳಿಕೊಟ್ಟಾಳೇನು?”

ಒಮ್ಮೆ ಸುಳ್ಳು ಹೇಳಿದ ಬಾಯಿಯ ನಿಜಕ್ಕೆ ಬೆಲೆಯಿಲ್ಲ, ಅವಳು ಕೇಳಿದ್ದು ನ್ಯಾಯವೇ. “ಭಾನುವಾರ ಹೊಲಕ್ಕ ಬರ್ರಿ,” ಎಂದಷ್ಟೇ ಹೇಳಿ ಬಂದೆ.

ಆ ವಾರ ಕಚೇರಿಯಲ್ಲಿ ನನ್ನ ಹೊಸ ಶ್ರೇಣಿಯನ್ನು ಹಿಂದಕ್ಕೆ ಪಡೆದೆ. ಮೇಲಧಿಕಾರಿ ಕಾರಣ ಕೇಳಿದರು, ಹೇಳಿದೆ. ಪಕ್ಕದ ಟೇಬಲಿನವರು ಕಿವಿ ಇತ್ತ ಇಟ್ಟಿದ್ದರು, ಇಡಲಿ ಎಂದು ಇನ್ನೂ ಸ್ವಲ್ಪ ಜೋರಾಗಿಯೇ ಹೇಳಿದೆ. ಮೇಲಧಿಕಾರಿ ನಗಲಿಲ್ಲ. ತಿದ್ದಿ ಬರೆದು ತನ್ನಿ, ಸಹಿ ಹಾಕುತ್ತೇನೆ ಎಂದರು. ಹಳೆಯ ಹಾಳೆಗೆ ಕಾಟು ಹೊಡೆದು ಹೊಸ ಹಾಳೆ ಬರೆದೆ.

ಭಾನುವಾರ ತಂಗಿ ಬಂದಳು. ಬರುತ್ತಾಳೆ ಎಂಬ ನಂಬಿಕೆ ನನಗಿರಲಿಲ್ಲ. ಗುಂಡಿಯ ಆಚೆ ಬದಿಗೆ ಅಕ್ಕ, ಈಚೆ ಬದಿಗೆ ತಂಗಿ, ನಡುವೆ ನನ್ನ ಆರಡಿ ಮಣ್ಣು. ಮಳೆಗೆ ಗೋಡೆ ಸ್ವಲ್ಪ ಕುಸಿದಿತ್ತು. ನಾನು ಹಾಳೆಯನ್ನು ತಂಗಿಯ ಕೈಗೆ ಕೊಟ್ಟು ಕೊನೆಯ ಸಾಲು ತೋರಿಸಿದೆ. ಅವಳು ಅಕ್ಷರ ಅಕ್ಷರ ಕೂಡಿಸಿ ಗಟ್ಟಿಯಾಗಿ ಓದಿದಳು.

“ಹಿಂದಿನ ಬಳಕೆ, ಜೋಳದ ಹಗೇವು. ಹೊಲದವರು ಹೇಳಿದ್ದು, ಅಲ್ಲಿ ಬ್ಯಾಡ್ರಿ, ಆ ಜಾಗ ಹೊಲದಂಗಿಲ್ರಿ, ಜರಾ ಈ ಕಡಿ ಸರದು ತೋಡ್ರಿ. ಗುಂಡಿ ತೋಡುವ ಮೊದಲೇ ಹಿರಿಯ ಅಕ್ಕ ಹೀಗೆ ಹೇಳಿದ್ದರು. ಸಮೀಕ್ಷೆಗೆ ಬಂದವಳು ಕೇಳಲಿಲ್ಲ.”

ಕೆಳಗೆ ನನ್ನ ಸಹಿ, ಅದರ ಕೆಳಗೆ ಮೇಲಧಿಕಾರಿಯ ಸಹಿ, ಕಚೇರಿಯ ಸಿಕ್ಕಾ. ತಂಗಿ ಸಿಕ್ಕಾದ ಮೇಲೆ ಬೆರಳಾಡಿಸಿದಳು.

“ಇದು ಸರ್ಕಾರದಾಗ ಇರ್ತದೇನ್ರೀ?”

“ಇರ್ತದ. ನಾ ಸತ್ತ ಮ್ಯಾಗೂ ಇರ್ತದ.”

ಅವಳು ಮತ್ತೊಮ್ಮೆ ಓದಿದಳು, ಈ ಸಲ ಒಳಗೊಳಗೇ. ಅಕ್ಕ ಬದುವಿನ ಮೇಲೆ ಕೂತು ಬುತ್ತಿಯ ಗಂಟನ್ನು ಮಡಿಲಲ್ಲಿ ಇಟ್ಟುಕೊಂಡಿದ್ದಳು. “ಎರಿಯಾಗ ಎರಡು ಎಕರೆ ತಗೋ,” ಎಂದಳು, ತಲೆ ಎತ್ತದೆ.

“ಆರಿಸೀನಿ, ಮುಗೀತು. ಸಜ್ಜಿ ಬಿತ್ತೀನಿ. ಪ್ಯಾರಲ ಗಿಡ ಒಂದರ ಆಗ್ತದಲ್ಲ, ಈ ಗುಂಡಿಯಾಗ.” ಹಾಳೆಯನ್ನು ಮಡಚಿ ನನಗೆ ಕೊಟ್ಟಳು. ಆಮೇಲೆ ಗುಂಡಿಯನ್ನು ಸುತ್ತು ಹಾಕಿ ಆಚೆ ಬದಿಗೆ ಹೋಗಿ, ಅಕ್ಕನ ಪಕ್ಕ ಕೂತಳು. “ಯಕ್ಕಾ, ಹಸಿವಾಗ್ಯಾದ. ರೊಟ್ಟಿ ಕೊಡು.”

ಅಕ್ಕ ಗಂಟನ್ನು ಮುಂದೆ ಇಟ್ಟಳು. ತಂಗಿಯೇ ಬಿಚ್ಚಿದಳು. ಕಟಿರೊಟ್ಟಿ, ಶೇಂಗಾ ಹಿಂಡಿ, ಒಂದು ಉಳ್ಳಾಗಡ್ಡಿ. ನನ್ನನ್ನೂ ಕರೆದರು. ನಾ ಒಲ್ಲೆ ಎನ್ನುವ ಮುಖವಿರಲಿಲ್ಲ ನನಗೆ, ಕೂತೆ. ತಂಗಿ ಮೊಣಕೈಯಿಂದ ಗುದ್ದಿ ಉಳ್ಳಾಗಡ್ಡಿ ಒಡೆದು ಮೂರು ಪಾಲು ಮಾಡಿದಳು. ನನ್ನ ಕಣ್ಣು ತುಂಬಿತ್ತು. ಉಳ್ಳಾಗಡ್ಡಿಯ ಘಾಟು ಎಂದು ಅವರು ತಿಳಿದಿರಬೇಕು, ಅಥವಾ ಹಾಗೆಂದು ತಿಳಿದಂತೆ ಇದ್ದರು.

ಎರಡು ತುತ್ತು ಆದ ಮೇಲೆ ಅಕ್ಕ ನನ್ನ ಕಡೆ ತಿರುಗಿದಳು.

“ಈಗ ಊಟಕ್ಕ ಕುಂತೀರಲ್ರಿ ಮೇಡಂ. ಮುತ್ಯಾನ ಕಥಿ ಹೇಳ್ಲೇನು?”

“ಹೇಳ್ರೆವಾ,” ಎಂದೆ.

“ಹಗೇವು ಎಲ್ಲಿ ಬೇಕಂದ್ರ ಅಲ್ಲಿ ತೋಡಂಗಿಲ್ರಿ. ನೀರು ನಿಂತ್ರ ಜೋಳ ಕೊಳಿತದ. ನಮ್ಮ ಮುತ್ಯಾ ಇಡೀ ಹೊಲ ತಿರುಗಿ ತಿರುಗಿ, ಒಂದೊಂದ ಕಡಿ ಒಂದೊಂದ ಕೊಡ ನೀರು ಸುರುವಿ, ಯಾವ ನೆಲ ಜಲ್ದಿ ಕುಡಿತದ ಅಂತ ದಿನಾ ಬಂದು ನೋಡ್ತಿದ್ನಂತ...”

ನಾನು ಚೀಲದಿಂದ ಪೆನ್ನು ತೆಗೆದೆ. ಹಾಳೆ ತಿರುಗಿಸಿ ಹಿಂಬದಿಯಲ್ಲಿ ಬರೆದುಕೊಳ್ಳತೊಡಗಿದೆ.